ಬಿಲ್ಲಿ ವೈಲ್ಡರ್ ಸಿನಿಮಾಗಳನ್ನು ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ವಿಜ್ಞಾನ ಶಿಕ್ಷಕಿ. ಹಳೆಯ ಹಾಲಿವುಡ್ ಸಿನಿಮಾ ನೋಡುವ ಆಸೆ ಮೊದಲಿಂದಲೂ ಇತ್ತು. ಒಬ್ಬ ನಿರ್ದೇಶಕನನ್ನು ಹಿಡಿದು ಸರಿಯಾಗಿ ನೋಡೋಣ ಅಂತ ಬಿಲ್ಲಿ ವೈಲ್ಡರ್‌ನನ್ನು ಆರಿಸಿಕೊಂಡೆ. ಮರ್ಲಿನ್ ಮನ್ರೋಳ ಬಿಳಿ ಫ್ರಾಕ್ ಗಾಳಿಗೆ ಹಾರುವ ಫೋಟೊ ಎಲ್ಲರಿಗೂ ಗೊತ್ತಲ್ವಾ, ಹಾಗಾಗಿ ಮೊದಲು 'ದಿ ಸೆವೆನ್ ಇಯರ್ ಇಚ್' ನೋಡಿದೆ. ಏನೂ ಅನ್ನಿಸಲಿಲ್ಲ. ಆಮೇಲೆ ಎಲ್ಲ ಪಟ್ಟಿಗಳಲ್ಲೂ ಮೇಲಿರುವ 'ಸನ್‌ಸೆಟ್ ಬುಲೆವಾರ್ಡ್' ಹಾಕಿದೆ. ಅರ್ಧಕ್ಕೇ ನಿದ್ದೆ ಬಂತು. ಒಂದೊಂದು ಪಟ್ಟಿಯಲ್ಲಿ ಒಂದೊಂದು ಹೆಸರು. ನನಗೇ ರುಚಿ ಇಲ್ವೇನೋ ಅನ್ನಿಸಿಬಿಟ್ಟಿದೆ. ಮನೆಯಲ್ಲಿ ಪಿಯುಸಿ ಓದುವ ಮಗಳು, ಕೋರ್ಟು-ಕೇಸಿನ ಕಥೆ ಅಂದರೆ ಪ್ರಾಣ ಬಿಡುವ ಮಾವ, ಕಪ್ಪು-ಬಿಳುಪು ಅಂದ ತಕ್ಷಣ ಎದ್ದು ಹೋಗುವ ಗಂಡ ಇದ್ದಾರೆ. ವಾರಕ್ಕೆ ಒಂದು ಸಿನಿಮಾಕ್ಕೆ ಮಾತ್ರ ಸಮಯ. ವೈಲ್ಡರ್‌ನ ಒಳ್ಳೆಯ ಸಿನಿಮಾ ಯಾವುವು, ಯಾವ ಕ್ರಮದಲ್ಲಿ ನೋಡಬೇಕು? ಅಥವಾ ಇವನ ಸಹವಾಸವೇ ಬೇಡವಾ?

ಉತ್ತರ: ಮೊದಲು ರುಚಿಯ ಮಾತು ಮುಗಿಸಿಬಿಡೋಣ. ನಿಮ್ಮ ರುಚಿಗೆ ಏನೂ ಆಗಿಲ್ಲ. ಚಿತ್ರ ರಸಗ್ರಹಣದ ತರಗತಿಗಳಲ್ಲಿ ಈ ಎರಡೂ ಸಿನಿಮಾ ತೋರಿಸಿ ನೋಡಿದ್ದೇನೆ. ಮೊದಲನೆಯದಕ್ಕೆ ಹುಡುಗರು ಮೆಲ್ಲಗೆ ಫೋನ್ ತೆಗೆಯುತ್ತಾರೆ. ಎರಡನೆಯದನ್ನು ಮುಂಚೆ ಒಂದಿಷ್ಟು ಹೇಳದೆ ಹಾಕಿದರೆ ಅರ್ಧ ಕ್ಲಾಸ್ ಆಕಳಿಸುತ್ತದೆ. ಆದರೆ ಎರಡಕ್ಕೂ ಕಾರಣ ಒಂದೇ ಅಲ್ಲ.

'ದಿ ಸೆವೆನ್ ಇಯರ್ ಇಚ್' (1955) ನಿಜಕ್ಕೂ ವೈಲ್ಡರ್‌ನ ದುರ್ಬಲ ಸಿನಿಮಾಗಳಲ್ಲಿ ಒಂದು. ಮೂಲದಲ್ಲಿ ಅದು ನಾಟಕ. ಹೆಂಡತಿ-ಮಗನನ್ನು ಬೇಸಿಗೆಗೆ ಊರಿಗೆ ಕಳಿಸಿದ ಗಂಡ ಮೇಲಿನ ಮನೆಯ ಹುಡುಗಿಯ ಜೊತೆ ಸಂಬಂಧಕ್ಕೆ ಬೀಳುತ್ತಾನೆ. ಸಿನಿಮಾದಲ್ಲಿ ಬೀಳುವಂತಿಲ್ಲ! ಹಾಲಿವುಡ್ಡಿನಲ್ಲಿ 1934ರಿಂದ ಬಿಗಿಯಾಗಿ ಜಾರಿಯಲ್ಲಿದ್ದ ಸೆನ್ಸಾರ್ ನಿಯಮ, ಅಂದರೆ ಹೇಸ್ ಕೋಡ್, ಅದಕ್ಕೆ ಬಿಡಲಿಲ್ಲ. ಹಾಗಾಗಿ ಆ ಗಂಡಸು ಸಿನಿಮಾ ಪೂರ್ತಿ ಸುಮ್ನೆ ಕಲ್ಪನೆ ಮಾಡಿಕೊಳ್ಳುತ್ತಾ ಕೂರುತ್ತಾನೆ. ಕಥೆಯ ಬೆನ್ನುಮೂಳೆಯನ್ನೇ ತೆಗೆದ ಮೇಲೆ ಉಳಿದದ್ದು ಮನ್ರೋ ಮಾತ್ರ. ವೈಲ್ಡರ್‌ಗೂ ಆಮೇಲೆ ಈ ಸಿನಿಮಾದ ಬಗ್ಗೆ ಸಮಾಧಾನ ಇರಲಿಲ್ಲ. ಇನ್ನು ಆ ಫೋಟೊ. 1954ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ ರಾತ್ರಿ ಹೊತ್ತು ಚಿತ್ರೀಕರಣ ಇಟ್ಟುಕೊಂಡರು. ನೋಡಲು ಜನ ಮುಗಿಬಿದ್ದರು. ಆ ಗದ್ದಲದಲ್ಲಿ ಕೆಲಸ ಆಗದೆ ದೃಶ್ಯವನ್ನು ಮತ್ತೆ ಸ್ಟುಡಿಯೋದಲ್ಲಿ ತೆಗೆಯಬೇಕಾಯಿತು. ನೀವು ಪೋಸ್ಟರಿನಲ್ಲಿ ನೋಡಿದ ಆ ಪೂರ್ತಿ ಭಂಗಿ ಸಿನಿಮಾದೊಳಗೆ ಕಾಣುವುದೇ ಇಲ್ಲ.

'ಸನ್‌ಸೆಟ್ ಬುಲೆವಾರ್ಡ್' (1950) ವಿಷಯ ಪೂರ್ತಿ ಬೇರೆ. ಅದು ದೊಡ್ಡ ಸಿನಿಮಾವೇ. ಆದರೆ ಅಲ್ಲಿ ಯಾರು ಯಾರು ನಟಿಸಿದ್ದಾರೆ ಅಂತ ಗೊತ್ತಿಲ್ಲದಿದ್ದರೆ ಅರ್ಧ ರಸ ಸೋರಿಹೋಗುತ್ತದೆ. ಜನ ಮರೆತ ಮೂಕಿ ಚಿತ್ರಗಳ ತಾರೆ ನಾರ್ಮಾ ಡೆಸ್ಮಂಡ್ ಪಾತ್ರ ಮಾಡಿದ ಗ್ಲೋರಿಯಾ ಸ್ವಾನ್ಸನ್ ನಿಜವಾಗಿಯೂ ಮೂಕಿ ಕಾಲದ ದೊಡ್ಡ ತಾರೆ. ಅವಳ ಮನೆಯ ಬಟ್ಲರ್ ಆಗಿ ಬರುವ ಎರಿಕ್ ಫಾನ್ ಸ್ಟ್ರೋಹೈಮ್ ಒಂದು ಕಾಲದ ಹೆಸರಾಂತ ನಿರ್ದೇಶಕ. ಇಬ್ಬರೂ ಸೇರಿ 1920ರ ದಶಕದ ಕೊನೆಯಲ್ಲಿ 'ಕ್ವೀನ್ ಕೆಲ್ಲಿ' ಅಂತ ಒಂದು ಸಿನಿಮಾ ಶುರು ಮಾಡಿದ್ದರು, ಅದು ಅರ್ಧಕ್ಕೇ ನಿಂತುಹೋಗಿತ್ತು. ನಾರ್ಮಾ ಮನೆಯಲ್ಲೇ ತನ್ನ ಹಳೆಯ ಸಿನಿಮಾ ನೋಡುತ್ತಾಳಲ್ಲ, ಅಲ್ಲಿ ಓಡುವುದು ಅದೇ 'ಕ್ವೀನ್ ಕೆಲ್ಲಿ'ಯ ತುಣುಕು. ಪ್ರೊಜೆಕ್ಟರ್ ಓಡಿಸುತ್ತಿರುವವನು ಅದೇ ಸ್ಟ್ರೋಹೈಮ್. ಇಸ್ಪೀಟ್ ಆಡಲು ಬರುವವರಲ್ಲಿ ಮೂಕಿ ಕಾಲದ ದೊಡ್ಡ ಹಾಸ್ಯನಟ ಬಸ್ಟರ್ ಕೀಟನ್ ಇದ್ದಾನೆ. ನಿರ್ದೇಶಕ ಸೆಸಿಲ್ ಬಿ. ಡಿಮಿಲ್ ತನ್ನ ಹೆಸರಿನಲ್ಲೇ ಬರುತ್ತಾನೆ. 1950ರ ಅಮೆರಿಕದ ಪ್ರೇಕ್ಷಕರಿಗೆ ಇದನ್ನೆಲ್ಲ ಹೇಳಿಕೊಡಬೇಕಿರಲಿಲ್ಲ. ನಮಗೆ ಹೇಳಬೇಕು. ಅದಕ್ಕೇ ಈ ಸಿನಿಮಾವನ್ನು ನಾನು ಯಾರಿಗೂ ಮೊದಲು ಕೊಡುವುದಿಲ್ಲ. ನಾಲ್ಕನೆಯದೋ ಐದನೆಯದೋ ಆಗಿ ನೋಡಿ, ಆಗ ನಿದ್ದೆ ಬರುವುದಿಲ್ಲ.

ಇನ್ನು ಗಂಡ ಎದ್ದು ಹೋಗುವ ಸಮಸ್ಯೆ. ಆ ಕಾಲದಲ್ಲಿ ಬಣ್ಣ ಇರಲಿಲ್ಲ, ಪಾಪ, ಅದಕ್ಕೇ ಕಪ್ಪು-ಬಿಳುಪಿನಲ್ಲಿ ತೆಗೆದರು ಅಂತ ತುಂಬ ಜನ ಅಂದುಕೊಂಡಿದ್ದಾರೆ. ವೈಲ್ಡರ್ ವಿಷಯದಲ್ಲಿ ಇದು ಸುಳ್ಳು. ನೀವು ನೋಡಿದ ಮನ್ರೋ ಸಿನಿಮಾ 1955ರಲ್ಲೇ ಬಣ್ಣದಲ್ಲಿ ಬಂದದ್ದು. ನಾಲ್ಕು ವರ್ಷದ ನಂತರದ 'ಸಮ್ ಲೈಕ್ ಇಟ್ ಹಾಟ್' ಕಪ್ಪು-ಬಿಳುಪು. ಅದೂ ಬಣ್ಣದಲ್ಲಿ ಬರಲಿ ಅಂತ ಮನ್ರೋಗೆ ಆಸೆ ಇತ್ತು. ಆದರೆ ಹೆಣ್ಣುವೇಷ ಹಾಕಿದ ಟೋನಿ ಕರ್ಟಿಸ್ ಮತ್ತು ಜ್ಯಾಕ್ ಲೆಮನ್ ಮುಖದ ಮೇಕಪ್ ಬಣ್ಣದ ಪರೀಕ್ಷೆಯಲ್ಲಿ ಹಸಿರು ಹಸಿರಾಗಿ ಕಂಡಿತು. ಅದನ್ನು ತೋರಿಸಿಯೇ ವೈಲ್ಡರ್ ಅವಳನ್ನು ಒಪ್ಪಿಸಿದ. 1960ರ 'ದಿ ಅಪಾರ್ಟ್‌ಮೆಂಟ್' ಕೂಡ ಬೇಕೆಂದೇ ಕಪ್ಪು-ಬಿಳುಪು. ಗಂಡನಿಗೆ ಇದನ್ನು ಉಪನ್ಯಾಸ ಮಾಡಲು ಹೋಗಬೇಡಿ. 'ಸಮ್ ಲೈಕ್ ಇಟ್ ಹಾಟ್' ಹಾಕಿ, ಹತ್ತು ನಿಮಿಷ ಕೂರಿ ಅನ್ನಿ, ಸಾಕು.

ಪ್ರಶಸ್ತಿ ಬಂದದ್ದೆಲ್ಲ ಉತ್ತಮ ಅನ್ನುವ ಲೆಕ್ಕವೂ ಇವನ ಹತ್ತಿರ ನಡೆಯುವುದಿಲ್ಲ. 'ಡಬಲ್ ಇಂಡೆಮ್ನಿಟಿ' (1944) ಏಳು ಆಸ್ಕರ್‌ಗಳಿಗೆ ನಾಮನಿರ್ದೇಶನಗೊಂಡು ಒಂದನ್ನೂ ಗೆಲ್ಲಲಿಲ್ಲ. ಮರುವರ್ಷದ 'ದಿ ಲಾಸ್ಟ್ ವೀಕೆಂಡ್' ಅತ್ಯುತ್ತಮ ಚಿತ್ರ, ನಿರ್ದೇಶನ, ನಟ, ಚಿತ್ರಕಥೆ ಎಲ್ಲ ಬಾಚಿಕೊಂಡಿತು. ಇವತ್ತು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮೊದಲನೆಯದು ನಿನ್ನೆ ತೆಗೆದಂತಿದೆ, ಎರಡನೆಯದಕ್ಕೆ ವಯಸ್ಸಾಗಿದೆ. 'ದಿ ಲಾಸ್ಟ್ ವೀಕೆಂಡ್' ಕುಡಿತದ ಚಟಕ್ಕೆ ಬಿದ್ದ ಬರಹಗಾರನ ಕಥೆ. ಬಾಟಲಿಗೆ ಕಾಸಿಲ್ಲದೆ ಟೈಪ್‌ರೈಟರ್ ಅಡವಿಡಲು ನ್ಯೂಯಾರ್ಕಿನ ಬೀದಿ ಉದ್ದಕ್ಕೂ ಅಲೆಯುತ್ತಾನೆ. ಯಹೂದಿಗಳ ಯೋಮ್ ಕಿಪ್ಪುರ್ ಹಬ್ಬ, ಅಂಗಡಿಗಳೆಲ್ಲ ಮುಚ್ಚಿವೆ. ಆ ನಡಿಗೆ ಇವತ್ತಿಗೂ ಹೊಟ್ಟೆ ಹಿಂಡುತ್ತದೆ. ಆದರೆ ಕೊನೆಗೆ ಎಲ್ಲ ಬೇಗ ಬೇಗ ಸರಿಹೋಗುವುದನ್ನು ನಂಬಲು ಕಷ್ಟ.

ಮೂರನೆಯ ತಪ್ಪು ಕಲ್ಪನೆ ವಿಮರ್ಶಕರದ್ದು. ವೈಲ್ಡರ್ ಅಂದರೆ ಬರೀ ಮಾತು, ಕ್ಯಾಮೆರಾ ಕೆಲಸ ಅಷ್ಟಕ್ಕಷ್ಟೆ ಅಂತ. ಮಾತಿನವನು ಹೌದು. 1906ರಲ್ಲಿ ಆಗಿನ ಆಸ್ಟ್ರಿಯಾ-ಹಂಗೇರಿಯಲ್ಲಿ, ಈಗ ಪೋಲೆಂಡ್‌ನಲ್ಲಿರುವ ಸೂಖಾ ಊರಿನಲ್ಲಿ ಹುಟ್ಟಿ, ವಿಯೆನ್ನಾ, ಬರ್ಲಿನ್‌ಗಳಲ್ಲಿ ಪತ್ರಕರ್ತನಾಗಿದ್ದವನು. ಯಹೂದಿ. ಹಿಟ್ಲರ್ ಬಂದ ಮೇಲೆ 1933ರಲ್ಲಿ ಬರ್ಲಿನ್ ಬಿಟ್ಟು ಪ್ಯಾರಿಸ್ ಸೇರಿ, ಅಲ್ಲಿಂದ 1934ರಲ್ಲಿ ಅಮೆರಿಕಕ್ಕೆ ಬಂದ. ಆಗ ಅವನಿಗೆ ಇಂಗ್ಲಿಷ್ ಅಷ್ಟೇನೂ ಬರುತ್ತಿರಲಿಲ್ಲ. ಅದಕ್ಕೋ ಏನೋ, ಕೊನೆಯವರೆಗೂ ಜೊತೆಗೊಬ್ಬರನ್ನು ಕೂರಿಸಿಕೊಂಡೇ ಬರೆದ. ಮೊದಲು ಚಾರ್ಲ್ಸ್ ಬ್ರ್ಯಾಕೆಟ್, ಆಮೇಲೆ ಐ. ಎ. ಎಲ್. ಡೈಮಂಡ್. ತಾಯಿ ಮತ್ತು ಅಜ್ಜಿ ನಾಜಿಗಳ ಕೈಗೆ ಸಿಕ್ಕು ಸತ್ತರು. ಇವನ ಹಾಸ್ಯದಲ್ಲೂ ಕಹಿ ಇರುತ್ತದೆ ಅಂದರೆ ಅದು ಸುಮ್ನೆ ಬಂದದ್ದಲ್ಲ.

ಆದರೆ ಬರೀ ಮಾತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ವೈಲ್ಡರ್‌ನ ಕಥೆ ವಸ್ತುಗಳಲ್ಲಿ ಇರುತ್ತದೆ. ಬೆಂಕಿಕಡ್ಡಿ, ಕನ್ನಡಿ, ಬೀಗದ ಕೈ, ಬಾಗಿಲು. ಪಾತ್ರಗಳು ಏನೋ ಮಾತಾಡುತ್ತಿರುತ್ತವೆ, ನಡೆಯಬೇಕಾದದ್ದು ಕೈಯಲ್ಲಿ ನಡೆದುಹೋಗಿರುತ್ತದೆ. ಸಬ್‌ಟೈಟಲ್ ಓದುತ್ತಾ ಪರದೆಯ ಕೆಳಗೇ ಕಣ್ಣಿಟ್ಟರೆ ಅದು ತಪ್ಪಿಹೋಗುತ್ತದೆ. ನಿಮಗೆ ಬೇಜಾರಾಗಿದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. 'ದಿ ಅಪಾರ್ಟ್‌ಮೆಂಟ್' ಏನೂ ತಿಳಿಯದೆಯೇ ನೋಡಬೇಕು ಅನ್ನುವವರು ಮುಂದಿನ ಎರಡು ಪ್ಯಾರಾ ಬಿಟ್ಟುಬಿಡಿ.

ಸಿ. ಸಿ. ಬ್ಯಾಕ್ಸ್‌ಟರ್ ನ್ಯೂಯಾರ್ಕಿನ ದೊಡ್ಡ ವಿಮಾ ಕಂಪನಿಯ ಗುಮಾಸ್ತ. ಹತ್ತೊಂಬತ್ತನೇ ಮಹಡಿ, 861ನೇ ಮೇಜು. ಒಂಟಿ ಮನುಷ್ಯ. ತಿಂಗಳಿಗೆ 85 ಡಾಲರ್ ಬಾಡಿಗೆಯ ಅವನ ಮನೆಯ ಬೀಗದ ಕೈಯನ್ನು ಮೇಲಧಿಕಾರಿಗಳು ಸರದಿಯಲ್ಲಿ ತೆಗೆದುಕೊಂಡು ಹೋಗುತ್ತಾರೆ, ಗುಟ್ಟಾಗಿ ಹೆಣ್ಣುಗಳನ್ನು ಕರೆತರಲು. ಬದಲಿಗೆ ಇವನಿಗೆ ಬಡ್ತಿ. ಇವನಿಗೋ ಲಿಫ್ಟ್ ನಡೆಸುವ ಫ್ರಾನ್ ಮೇಲೆ ಮನಸ್ಸು. ಒಂದು ದಿನ ಮನೆಯಲ್ಲಿ ಯಾರೋ ಬಿಟ್ಟುಹೋದ ಪುಟ್ಟ ಮೇಕಪ್ ಕನ್ನಡಿ ಸಿಗುತ್ತದೆ, ಬಿರುಕು ಬಿಟ್ಟಿದೆ. ಅದನ್ನು ದೊಡ್ಡ ಸಾಹೇಬ ಶೆಲ್ಡ್ರೇಕ್‌ಗೆ ಹಿಂದಿರುಗಿಸುತ್ತಾನೆ. ಕ್ರಿಸ್ಮಸ್ ಪಾರ್ಟಿಯ ದಿನ ಹೊಸ ಹ್ಯಾಟ್ ಹಾಕಿಕೊಂಡು, ಹೇಗಿದೆ ಅಂತ ಫ್ರಾನ್‌ಗೆ ತೋರಿಸುತ್ತಾನೆ. ನೀವೇ ನೋಡಿಕೊಳ್ಳಿ ಅಂತ ಅವಳು ತನ್ನ ಕನ್ನಡಿ ತೆಗೆದುಕೊಡುತ್ತಾಳೆ. ಇವನು ಬಿಚ್ಚಿ ನೋಡುತ್ತಾನೆ. ಅದೇ ಬಿರುಕು. ಇವನ ಮುಖ ಎರಡು ಹೋಳಾಗಿ ಕಾಣುತ್ತದೆ.

ಇಲ್ಲಿ ಹಿನ್ನೆಲೆ ಸಂಗೀತ ಅಬ್ಬರಿಸುವುದಿಲ್ಲ, ಹಳೆಯ ದೃಶ್ಯ ಮತ್ತೆ ಬಂದು ನೆನಪಿಸುವುದೂ ಇಲ್ಲ. ಕನ್ನಡಿ ಒಡೆದಿದೆ ಅನ್ನುತ್ತಾನೆ, ಅಷ್ಟೆ. ಗೊತ್ತು, ಹಾಗೇ ಇರಲಿ, ನಾನು ಒಳಗೆ ಹೇಗಿದ್ದೇನೋ ಅದರಲ್ಲಿ ಹಾಗೇ ಕಾಣುತ್ತೇನೆ ಅನ್ನುವ ಅರ್ಥದಲ್ಲಿ ಅವಳು ಉತ್ತರಿಸುತ್ತಾಳೆ. ತನ್ನ ಮನೆಗೆ ಸಾಹೇಬನ ಜೊತೆ ಬರುತ್ತಿದ್ದವಳು ಇವಳೇ ಅಂತ ಅವನಿಗೆ ಗೊತ್ತಾಯಿತು. ನಮಗೂ ಗೊತ್ತಾಯಿತು. ಅವನಿಗೆ ಗೊತ್ತಾದದ್ದು ಅವಳಿಗೆ ಗೊತ್ತಾಗಲಿಲ್ಲ. ಇಷ್ಟೂ ಒಂದು ಅಂಗೈ ಅಗಲದ ಕನ್ನಡಿಯಲ್ಲಿ. ತರಗತಿಯಲ್ಲಿ ಈ ದೃಶ್ಯ ಬಂದಾಗ ನಾನು ಪರದೆ ನೋಡುವುದಿಲ್ಲ, ಹುಡುಗರ ಮುಖ ನೋಡುತ್ತೇನೆ. ಯಾರಿಗೆ ಯಾವ ಕ್ಷಣಕ್ಕೆ ಹೊಳೆಯಿತು ಅಂತ ಗೊತ್ತಾಗುತ್ತದೆ.

ಇದೇ ಸಿನಿಮಾದ ಆಫೀಸನ್ನೂ ಗಮನಿಸಿ. ಮೇಜುಗಳ ಸಾಲು ಕಣ್ಣು ಹಾಯಿಸಿದಷ್ಟೂ ಇದೆ. ಕಲಾ ನಿರ್ದೇಶಕ ಅಲೆಕ್ಸಾಂಡರ್ ಟ್ರೌನರ್ ಮಾಡಿದ ಮೋಸ ಅದು. ಹಿಂದೆ ಹೋದಹಾಗೆ ಮೇಜುಗಳನ್ನು ಚಿಕ್ಕದು ಮಾಡಿ, ಅಲ್ಲಿ ಕುಳ್ಳಗಿನವರನ್ನು ಕೂರಿಸಿದ್ದಾರೆ. ಇದಕ್ಕೆ ಕಲಾ ನಿರ್ದೇಶನದ ಆಸ್ಕರ್ ಕೂಡ ಬಂತು. ಒಟ್ಟು ಐದು ಆಸ್ಕರ್, ಅದರಲ್ಲಿ ಮೂರು ವೈಲ್ಡರ್ ಕೈಗೆ.

ಹಾಗಾಗಿ ನನ್ನ ಮಟ್ಟಿಗೆ ಶುರು ಮಾಡಬೇಕಾದದ್ದು 'ದಿ ಅಪಾರ್ಟ್‌ಮೆಂಟ್'ನಿಂದ. ಹಳೆಯ ಹಾಲಿವುಡ್ ಗೊತ್ತಿರಬೇಕಾಗಿಲ್ಲ. ಆಫೀಸು, ಬಾಸು, ಬಾಡಿಗೆ ಮನೆ, ಬಡ್ತಿ ಗೊತ್ತಿದ್ದರೆ ಸಾಕು. ಹಿಂದಿಯ 'ಲೈಫ್ ಇನ್ ಎ... ಮೆಟ್ರೋ' (2007) ನೋಡಿದ್ದರೆ ಈ ಬೀಗದ ಕೈ ಕಥೆ ಎಲ್ಲೋ ಕೇಳಿದಂತೆ ಅನ್ನಿಸುತ್ತದೆ, ಎಳೆ ಇಲ್ಲಿಂದಲೇ ಹೋದದ್ದು. ಒಂದು ಎಚ್ಚರಿಕೆ ಇದೆ. ಇದನ್ನು ಹಾಸ್ಯ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಮಧ್ಯದಲ್ಲಿ ಫ್ರಾನ್ ನಿದ್ದೆ ಮಾತ್ರೆ ನುಂಗಿ ಸಾಯಲು ಹೋಗುತ್ತಾಳೆ, ಡಾಕ್ಟರ್ ಬಂದು ಎಬ್ಬಿಸುವ ದೃಶ್ಯ ಸಾಕಷ್ಟು ಉದ್ದ ಇದೆ. ಪಿಯುಸಿ ಮಗಳು ನೋಡಬಾರದು ಅಂತಲ್ಲ. ನೀವು ಮೊದಲು ಒಬ್ಬರೇ ನೋಡಿ, ಆಮೇಲೆ ಅವಳ ಜೊತೆ ಕೂರಿ. ಪರೀಕ್ಷೆಯ ಒತ್ತಡದ ದಿನಗಳಲ್ಲಂತೂ ಬೇಡ.

ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡುವುದಾದರೆ 'ಸಮ್ ಲೈಕ್ ಇಟ್ ಹಾಟ್' (1959) ಸಲೀಸು. 1929ರ ಷಿಕಾಗೋ. ಗ್ಯಾಂಗ್‌ಸ್ಟರ್‌ಗಳ ಕೊಲೆ ಕಣ್ಣಾರೆ ಕಂಡ ಇಬ್ಬರು ವಾದ್ಯಗಾರರು ಜೀವ ಉಳಿಸಿಕೊಳ್ಳಲು ಹೆಣ್ಣುವೇಷ ಹಾಕಿ ಹುಡುಗಿಯರ ಬ್ಯಾಂಡ್ ಸೇರುತ್ತಾರೆ. ಹಿಂದಿಯಲ್ಲಿ ಇದೇ 'ರಫೂ ಚಕ್ಕರ್' (1975) ಆಯಿತು, ರಿಷಿ ಕಪೂರ್ ಮತ್ತು ಪೇಂಟಲ್. ನಿಮ್ಮ ಮಾವನಿಗೆ ಅದು ನೆನಪಿದ್ದರೂ ಇರಬಹುದು. ಇಲ್ಲೊಂದು ದೃಶ್ಯ ಇದೆ. ಒಬ್ಬ ಮುದುಕ ಕೋಟ್ಯಧಿಪತಿ ತನ್ನನ್ನು ಹೆಣ್ಣೆಂದೇ ನಂಬಿ ಮದುವೆಗೆ ಕೇಳಿದ್ದಾನೆ ಅಂತ ಜ್ಯಾಕ್ ಲೆಮನ್ ಗೆಳೆಯನಿಗೆ ಹೇಳುತ್ತಾನೆ. ಕೈಯಲ್ಲಿ ಮರಾಕಾ ಅಂತ ಗಿಲಕಿಯಂಥ ವಾದ್ಯ. ಒಂದು ಮಾತು ಆಡುವುದು, ಗಿಲಕಿ ಅಲ್ಲಾಡಿಸಿ ಒಂದು ಸುತ್ತು ಕುಣಿಯುವುದು, ಮತ್ತೆ ಮಾತು. ಥಿಯೇಟರಿನಲ್ಲಿ ಜನ ನಕ್ಕಾಗ ಮುಂದಿನ ಡೈಲಾಗ್ ಕೇಳದೆ ಹೋಗಬಾರದು ಅಂತ ವೈಲ್ಡರ್ ಅವನ ಕೈಗೆ ಅದನ್ನು ಕೊಟ್ಟಿದ್ದ. ಮನೆಯಲ್ಲಿ ಒಬ್ಬರೇ ಕೂತು ನೋಡಿದರೆ ಆ ಬಿಡುವು ಉದ್ದವಾಯಿತು ಅನ್ನಿಸುತ್ತದೆ. ನಾಲ್ಕು ಜನ ಸೇರಿ ನೋಡಿದರೆ ಸರಿಯಾಗಿ ಕೂರುತ್ತದೆ. ಶುರುವಿನಲ್ಲಿ ಗುಂಡು ಹಾರುತ್ತದೆ, ನಡುವೆ ಪೋಲಿ ಮಾತು ಇದೆ, ಅದು ಬಿಟ್ಟರೆ ಮುಜುಗರ ಇಲ್ಲ. ಕೊನೆಯ ಡೈಲಾಗನ್ನು ದಯವಿಟ್ಟು ಮುಂಚೆ ಎಲ್ಲೂ ಹುಡುಕಿ ಓದಬೇಡಿ.

ಮಾವನಿಗೆ ಕಣ್ಣು ಮುಚ್ಚಿ 'ವಿಟ್ನೆಸ್ ಫಾರ್ ದ ಪ್ರಾಸಿಕ್ಯೂಷನ್' (1957) ಕೊಡಿ. ಅಗಾಥಾ ಕ್ರಿಸ್ಟಿ ಕಥೆ, ಲಂಡನ್ನಿನ ಕೋರ್ಟು, ಹೃದಯದ ಕಾಯಿಲೆಯಿಂದ ಎದ್ದ ವಕೀಲನಾಗಿ ಚಾರ್ಲ್ಸ್ ಲಾಟನ್. ಅವನ ಬೆನ್ನು ಬಿಡದೆ ಗದರುವ ನರ್ಸ್ ಪಾತ್ರದವಳು ನಿಜಜೀವನದಲ್ಲಿ ಅವನ ಹೆಂಡತಿ ಎಲ್ಸಾ ಲ್ಯಾಂಚೆಸ್ಟರ್. ಜಗಳ ಅಷ್ಟು ಚೆನ್ನಾಗಿ ಬಂದಿರುವುದು ಅದಕ್ಕೇ ಇರಬೇಕು. ಅಂತ್ಯವನ್ನು ಯಾರಿಗೂ ಹೇಳಬೇಡಿ ಅಂತ ಸಿನಿಮಾವೇ ಕೊನೆಯಲ್ಲಿ ಕೇಳಿಕೊಳ್ಳುತ್ತದೆ, ನಾನೂ ಸುಮ್ಮನಿರುತ್ತೇನೆ. ಒಂದು ತೊಂದರೆ ಅಂದರೆ, ತಿರುವು ಗೊತ್ತಾದ ಮೇಲೆ ಎರಡನೇ ಸಲ ಅಷ್ಟು ರುಚಿಸುವುದಿಲ್ಲ.

'ಡಬಲ್ ಇಂಡೆಮ್ನಿಟಿ' ಹಾಗಲ್ಲ. ಕೊಲೆ ಮಾಡಿದವನು ಯಾರು, ಯಾಕೆ, ದುಡ್ಡು ಸಿಕ್ಕಿತಾ ಇಲ್ವಾ ಅನ್ನುವುದನ್ನೆಲ್ಲ ಶುರುವಿನಲ್ಲೇ ಹೇಳಿಬಿಡುತ್ತಾನೆ. ಆದರೂ ಕುರ್ಚಿಯ ತುದಿಗೆ ಬರುತ್ತೀರಿ. ಎಲ್‌ಐಸಿ ಪಾಲಿಸಿಯಲ್ಲಿ ಅಪಘಾತಕ್ಕೆ ದುಪ್ಪಟ್ಟು ಹಣ ಅಂತ ಇರುತ್ತದಲ್ಲ, ಆ ಷರತ್ತೇ ಕಥೆಯ ಕೀಲಿ. ವಿಮಾ ಏಜೆಂಟ್ ವಾಲ್ಟರ್ ನೆಫ್ ಮತ್ತು ಗಂಡನನ್ನು ಮುಗಿಸಬೇಕೆಂದಿರುವ ಫಿಲಿಸ್ ಸೇರಿ ಅವನ ಸಾವು ರೈಲಿನಿಂದ ಬಿದ್ದು ಆದದ್ದು ಅನ್ನುವಂತೆ ಮಾಡುತ್ತಾರೆ. ಕಂಪನಿಯ ಕ್ಲೇಮ್ ಅಧಿಕಾರಿ ಕೀಸ್‌ಗೆ ಒಂದೇ ವಿಷಯ ಕೊರೆಯುತ್ತದೆ. ಆ ಗಂಡನಿಗೆ ಮುಂಚೆ ಕಾಲು ಮುರಿದಿತ್ತು, ಅಪಘಾತ ವಿಮೆ ಇತ್ತು, ಆದರೂ ಕ್ಲೇಮ್ ಹಾಕಿರಲಿಲ್ಲ. ಯಾಕೆ? ಪಾಲಿಸಿ ಇರುವುದೇ ಅವನಿಗೆ ಗೊತ್ತಿರಲಿಲ್ಲ! ನಮ್ಮ ಕಡೆ ಯಾವ ಕ್ಲೇಮ್ ಗುಮಾಸ್ತನಿಗೆ ಹೇಳಿದರೂ ಈ ಜಾಗದಲ್ಲಿ ಕಣ್ಣರಳಿಸುತ್ತಾನೆ.

ಇಲ್ಲಿ ನೆಫ್‌ನ ಬಾಗಿಲು ನೋಡಿ. ಕೀಸ್ ಅವನ ಮನೆಯಿಂದ ಹೊರಡುವ ಹೊತ್ತಿಗೆ ಫಿಲಿಸ್ ಬಂದು ತೆರೆದ ಬಾಗಿಲ ಹಿಂದೆ ಅವಿತು ನಿಲ್ಲುತ್ತಾಳೆ. ಬಾಗಿಲು ಹೊರಗಡೆಗೆ ತೆರೆಯುತ್ತದೆ. ಯಾವ ಫ್ಲ್ಯಾಟಿನ ಮುಂಬಾಗಿಲೂ ಹಾಗಿರುವುದಿಲ್ಲ, ಅದು ವೈಲ್ಡರ್‌ಗೂ ಗೊತ್ತಿತ್ತು. ದೃಶ್ಯಕ್ಕೆ ಬೇಕಿತ್ತು, ಇಟ್ಟ. ಕೀಸ್ ಹತ್ತಿರ ಯಾವತ್ತೂ ಬೆಂಕಿಕಡ್ಡಿ ಇರುವುದಿಲ್ಲ, ನೆಫ್ ಉಗುರಿನಿಂದ ಗೀರಿ ಅವನ ಚುಟ್ಟಾ ಹಚ್ಚುತ್ತಾನೆ. ಸಿನಿಮಾ ಪೂರ್ತಿ ಆ ಕಡ್ಡಿಯ ಮೇಲೆ ಒಂದು ಕಣ್ಣಿಟ್ಟಿರಿ. ಇದೇ ನೆಫ್ ಪಾತ್ರಧಾರಿ ಫ್ರೆಡ್ ಮ್ಯಾಕ್‌ಮರ್ರಿ ಹದಿನಾರು ವರ್ಷದ ನಂತರ 'ದಿ ಅಪಾರ್ಟ್‌ಮೆಂಟ್'ನಲ್ಲಿ ಶೆಲ್ಡ್ರೇಕ್ ಆಗಿ ಬರುತ್ತಾನೆ. ಆಗ ವಿಮಾ ಏಜೆಂಟ್, ಈಗ ವಿಮಾ ಕಂಪನಿಯ ದೊಡ್ಡ ಸಾಹೇಬ. ಮನುಷ್ಯನಿಗೆ ಬೆಲೆ ಕಟ್ಟುವ ಆಫೀಸು ಅಂದರೆ ವೈಲ್ಡರ್‌ಗೆ ಏನೋ ಸೆಳೆತ. 'ದಿ ಫಾರ್ಚೂನ್ ಕುಕಿ' (1966) ಕೂಡ ಸುಳ್ಳು ಕ್ಲೇಮಿನ ಕಥೆಯೇ.

'ಏಸ್ ಇನ್ ದ ಹೋಲ್' (1951) ನನಗೆ ತುಂಬ ಇಷ್ಟ, ಆದರೆ ಭಾರ. ಗುಹೆಯಲ್ಲಿ ಒಬ್ಬ ಸಿಕ್ಕಿಹಾಕಿಕೊಂಡಿದ್ದಾನೆ. ಬೇಗ ಹೊರತೆಗೆಯಬಹುದು. ಆದರೆ ಸುದ್ದಿ ದಿನಗಟ್ಟಲೆ ಓಡಲಿ ಅಂತ ಪತ್ರಕರ್ತನೊಬ್ಬ (ಕರ್ಕ್ ಡಗ್ಲಸ್) ಬೆಟ್ಟದ ಮೇಲಿಂದ ಕೊರೆಯುವ ನಿಧಾನದ ದಾರಿ ಹಿಡಿಸುತ್ತಾನೆ. ಹೊರಗೆ ಜಾತ್ರೆ ನೆರೆಯುತ್ತದೆ, ತಿಂಡಿ, ಹಾಡು, ರಾಟೆ. ಬಿಡುಗಡೆಯಾದಾಗ ಅಮೆರಿಕದಲ್ಲಿ ಮಕಾಡೆ ಮಲಗಿತು. ಸ್ಟುಡಿಯೋದವರು 'ದಿ ಬಿಗ್ ಕಾರ್ನಿವಲ್' ಅಂತ ಹೆಸರು ಬದಲಿಸಿದರೂ ಏಳಲಿಲ್ಲ. ಕೊಳವೆ ಬಾವಿಗೆ ಬಿದ್ದ ಮಗುವಿನ ಸುದ್ದಿಯನ್ನು ಟಿವಿಯಲ್ಲಿ ಹಗಲು-ರಾತ್ರಿ ನೋಡಿದ ನಮಗೆ ವಿವರಣೆ ಬೇಕಾಗುವುದಿಲ್ಲ. ಮನಸ್ಸು ಹಗುರ ಇದ್ದ ದಿನ ನೋಡಿ.

ಮೊದಲ ಸಿನಿಮಾದಿಂದ ಹಿಡಿದು ವರ್ಷದ ಕ್ರಮದಲ್ಲಿ ಎಲ್ಲ ನೋಡುತ್ತೇನೆ ಅನ್ನುವವರಿದ್ದಾರೆ. ನಿಮ್ಮ ವಾರಕ್ಕೊಂದರ ಲೆಕ್ಕದಲ್ಲಿ ಅದು ಬೇಡ. ಸಾಧಾರಣ ಸಿನಿಮಾಗಳ ಮಧ್ಯೆ ಉತ್ಸಾಹ ಬತ್ತುತ್ತದೆ. 1981ರ 'ಬಡ್ಡಿ ಬಡ್ಡಿ'ಯನ್ನಂತೂ ವೈಲ್ಡರ್‌ನ ಅಭಿಮಾನಿಗಳೇ ಮರೆತಿದ್ದಾರೆ.

ನಿಮ್ಮ ಮನೆಗೆ ನಾನು ಹಾಕಿಕೊಡುವ ಕ್ರಮ ಹೀಗೆ: ಮೊದಲ ವಾರ ನೀವು ಒಬ್ಬರೇ 'ದಿ ಅಪಾರ್ಟ್‌ಮೆಂಟ್'. ಆಮೇಲೆ ಎಲ್ಲರೂ 'ಸಮ್ ಲೈಕ್ ಇಟ್ ಹಾಟ್'. ಮೂರನೆಯದು ಮಾವನ ಕೋರ್ಟು. ನಂತರ 'ಡಬಲ್ ಇಂಡೆಮ್ನಿಟಿ'. ಐದನೆಯದಾಗಿ, ಮೇಲೆ ಹೇಳಿದ ಹಿನ್ನೆಲೆ ತಲೆಯಲ್ಲಿಟ್ಟುಕೊಂಡು, ಮತ್ತೆ 'ಸನ್‌ಸೆಟ್ ಬುಲೆವಾರ್ಡ್'. ಮೊದಲ ಎರಡೂ ಹಿಡಿಸದಿದ್ದರೆ ವೈಲ್ಡರ್ ನಿಮ್ಮವನಲ್ಲ, ಬಿಟ್ಟುಬಿಡಿ.

ಕೊನೆಗೆ ಟಿವಿಯ ವಿಷಯ, ಯಾಕೆಂದರೆ ಅರ್ಧ ಜನ ಇಲ್ಲೇ ಕೆಡಿಸಿಕೊಳ್ಳುತ್ತಾರೆ. 'ಡಬಲ್ ಇಂಡೆಮ್ನಿಟಿ', 'ಸನ್‌ಸೆಟ್ ಬುಲೆವಾರ್ಡ್'ನಂಥ ಸಿನಿಮಾ ಚೌಕಕ್ಕೆ ಹತ್ತಿರದ ಅಳತೆಯವು. ಎರಡೂ ಪಕ್ಕ ಕಪ್ಪು ಪಟ್ಟಿ ಬರಲೇಬೇಕು. ಪರದೆ ತುಂಬಲಿ ಅಂತ ರಿಮೋಟಿನಲ್ಲಿ ಎಳೆದರೆ ಎಲ್ಲರ ಮುಖವೂ ದಪ್ಪಗಾಗುತ್ತದೆ. 'ದಿ ಅಪಾರ್ಟ್‌ಮೆಂಟ್' ಅದಕ್ಕೆ ಉಲ್ಟಾ, ತುಂಬ ಅಗಲ, ಮೇಲೆ-ಕೆಳಗೆ ಕಪ್ಪು ಪಟ್ಟಿ. ಅದನ್ನು ಮೊಬೈಲಿನಲ್ಲಿ ನೋಡಿದರೆ ಆ ಮೇಜುಗಳ ಸಾಲು ಇರುವೆ ಸಾಲಾಗಿ ಕಾಣುತ್ತದೆ. ಯಾರೋ ಅಪ್‌ಲೋಡ್ ಮಾಡಿದ ಮಸುಕು ಪ್ರತಿ ಬೇಡ, ಒಟಿಟಿಯಲ್ಲಿ ಬಾಡಿಗೆಗೆ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ. ಮಾತು ಓಡಿದರೆ ನಿಲ್ಲಿಸಿ ಹಿಂದೆ ಹೋಗಿ ಓದಿ, ತಪ್ಪೇನಿಲ್ಲ. ಯಾರಾದರೂ ಏನನ್ನಾದರೂ ಕೈಗೆತ್ತಿಕೊಂಡಾಗ ಮಾತ್ರ ಸಬ್‌ಟೈಟಲ್ ಬಿಟ್ಟು ಕೈ ನೋಡಿ.